‘ಪಿ’ ಹಾಕಿದ ಮೇಲೂ ಹ್ಯಾಂಡ್‌ಬ್ರೇಕ್ ಬೇಕೆ?

ಪ್ರಶ್ನೆ: ಆಟೋಮ್ಯಾಟಿಕ್ ಕಾರಿನ ಗೇರ್ ಲಿವರನ್ನು ‘ಪಿ’ಗೆ (ಪಾರ್ಕ್, ನಿಲುಗಡೆಯ ಸ್ಥಾನ) ತಂದ ಮೇಲೂ ಹ್ಯಾಂಡ್‌ಬ್ರೇಕ್ ಹಾಕಬೇಕೆ? ‘ಎನ್’ (ನ್ಯೂಟ್ರಲ್) ಸ್ಥಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಖಂಡಿತ ಹಾಕಬೇಕು. ಎರಡೂ ಸ್ಥಾನಗಳಲ್ಲಿ ಎಂಜಿನ್ನಿನ ಶಕ್ತಿ ಚಕ್ರಗಳಿಗೆ ತಲುಪುವುದಿಲ್ಲ. ಆದರೆ ‘ಎನ್’ನಲ್ಲಿ ಚಕ್ರಗಳು ತಡೆಯಿಲ್ಲದೆ ಉರುಳಬಲ್ಲವು, ‘ಪಿ’ಯಲ್ಲಿ ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರವೊಂದರ ಸಂದಿಗೆ ಲೋಹದ ಚಿಕ್ಕ ಕೊಕ್ಕೆಯೊಂದು ಕೂತು ಅವು ತಿರುಗದಂತೆ ತಡೆಯುತ್ತದೆ. ಇಳಿಜಾರಿನಲ್ಲಿ ಇಡೀ ಕಾರಿನ ಭಾರವನ್ನು ಆ ಪುಟ್ಟ ಕೊಕ್ಕೆಯೊಂದರ ಮೇಲೆ ಹೊರಿಸುವುದು ತರವಲ್ಲ. ಆದ್ದರಿಂದ ಕಾಲಿನ ಬ್ರೇಕ್ ಒತ್ತಿಕೊಂಡೇ ‘ಎನ್’ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ಮೆಲ್ಲಗೆ ಸಡಿಲಿಸಿ ಭಾರವೆಲ್ಲ ಹ್ಯಾಂಡ್‌ಬ್ರೇಕಿಗೆ ವರ್ಗವಾದ ಬಳಿಕ, ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಕಾರು ಚಲಿಸುತ್ತಿರುವಾಗ ಮಾತ್ರ ‘ಪಿ’ಗೆ ತರಲೇಬೇಡಿ, ಕೊಕ್ಕೆಗೆ ಹಾನಿಯಾಗಬಹುದು.