ಸಾಕಿದ ಗೋಸುಂಬೆ 9 ದಿನದಿಂದ ಸರಿಯಾಗಿ ತಿನ್ನುತ್ತಿಲ್ಲ, ನೀರೂ ಮುಟ್ಟುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವಿರುವುದು ನ್ಯೂಜೆರ್ಸಿಯಲ್ಲಿ. ಮಗಳ ಹುಟ್ಟುಹಬ್ಬಕ್ಕೆ ಐದು ತಿಂಗಳ ವೇಲ್ಡ್ (veiled) ಎಂಬ ಜಾತಿಯ ಗೋಸುಂಬೆ ತಂದು 9 ದಿನ ಆಗಿದೆ. ಮೊದಲೆರಡು ದಿನ ಒಂದೊಂದು ಕ್ರಿಕೆಟ್ ಹುಳ ತಿಂದಿತ್ತು, ಆಮೇಲೆ ಬಾಯಿ ತೆರೆದಿಲ್ಲ. ಬಟ್ಟಲಿನ ನೀರು ಇಟ್ಟ ಹಾಗೇ ಇದೆ. ಕಣ್ಣು ಸ್ವಲ್ಪ ಒಳಗೆ ಹೋದ ಹಾಗೆ ಕಾಣುತ್ತಿದೆ. ಸಿರಿಂಜಿನಲ್ಲಿ ಬಾಯಿಗೆ ನೀರು ಹಾಕಬಹುದಾ ಎಂದು ಕೇಳಿದ್ದೀರಿ. ಅಂಗಡಿಯವರು ಗಂಡು ಎಂದು ಹೇಳಿ ಕೊಟ್ಟಿದ್ದಾರೆ. ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದೀರಿ: ಎರಡು ದಿನದಿಂದ ಕೆಳಗಿಳಿದು ಬಂದು ಮೂಲೆ ಕೆರೆಯುತ್ತಿದೆ.

ಆ ಕೊನೆಯ ಸಾಲು ಓದಿ ನನಗೆ ಎದೆ ಧಸಕ್ಕೆಂದಿತು. ಅದಕ್ಕೆ ಬರುತ್ತೇನೆ. ಆದರೆ ಮೊದಲು ನೀರಿನ ವಿಷಯ. ಅದನ್ನು ನೀವು ಇನ್ನು ಅರ್ಧ ಗಂಟೆಯಲ್ಲಿ ಸರಿ ಮಾಡಬಹುದು.

ಸಿರಿಂಜ್ ಬೇಡ. ಬಾಯಿ ಬಿಡಿಸಿ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಬಾಯಿ ಬಿಡಿಸುವ ಒದ್ದಾಟದಲ್ಲಿ ದವಡೆಗೂ ಪೆಟ್ಟು ಬೀಳಬಹುದು. ಅದೆಲ್ಲ ಡಾಕ್ಟರ ಕೈಗೆ ಬಿಟ್ಟ ಕೆಲಸ. ನಿಮ್ಮ ಗೋಸುಂಬೆ ಹಟ ಮಾಡುತ್ತಿಲ್ಲ. ಬಟ್ಟಲಲ್ಲಿ ನಿಂತಿರುವುದು ನೀರು ಅಂತ ಅದಕ್ಕೆ ಗೊತ್ತೇ ಆಗುತ್ತಿಲ್ಲ. ವೇಲ್ಡ್ ಗೋಸುಂಬೆಯ ಊರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಮೂಲೆ. ಅಲ್ಲಿ ಅದು ಗಿಡದ ಮೇಲೇ ಬದುಕುತ್ತದೆ. ಎಲೆಯ ಮೇಲೆ ಕೂತ ಇಬ್ಬನಿ, ಮಳೆಯ ಹನಿ, ಅದನ್ನೇ ನೆಕ್ಕಿ ಕುಡಿಯುತ್ತದೆ. ಹೊಳೆಯುವ ಹನಿ, ಜಾರುವ ಹನಿ ಕಂಡರೆ ಮಾತ್ರ ಅದಕ್ಕೆ ನೀರಿನ ನೆನಪಾಗುತ್ತದೆ.

ಹಾಗಾಗಿ ಮಳೆ ಬರಿಸಿ. ಒಂದು ಹೊಸ ಸ್ಪ್ರೇ ಬಾಟಲಿ ತೆಗೆದುಕೊಳ್ಳಿ, ಸೋಪಿನ ವಾಸನೆ ಇರುವ ಹಳೆಯದು ಬೇಡ. ಬೆಚ್ಚಗಿನ ನೀರು ತುಂಬಿ. ಗೋಸುಂಬೆಯ ಮುಖಕ್ಕೆ ಹೊಡೆಯಬೇಡಿ. ಅದರ ಮೇಲೆ, ಸುತ್ತ ಇರುವ ಎಲೆಗಳಿಗೆ ಸಣ್ಣಗೆ ಸಿಂಪಡಿಸಿ. ಎರಡು ಸಲ ಪುಸ್ ಪುಸ್ ಎನಿಸಿ ನಿಲ್ಲಿಸಿದರೆ ಪ್ರಯೋಜನ ಇಲ್ಲ. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುವ ತನಕ, ಐದು ನಿಮಿಷವಾದರೂ ಮಾಡಿ. ಮೊದಲು ಅದು ಓಡಿಹೋಗಬಹುದು. ಆಮೇಲೆ ಕಣ್ಣು ಗುಡ್ಡೆ ಗರಗರ ತಿರುಗಿಸಿ ಕಣ್ಣು ತೊಳೆದುಕೊಳ್ಳುತ್ತದೆ. ಕುಡಿಯುವುದು ಅದಾದ ಮೇಲೆ. ಕೆಲವು ಇಪ್ಪತ್ತು ನಿಮಿಷ ತಡಮಾಡುತ್ತವೆ. ನೀವು ಎದುರಿಗೆ ನಿಂತು ನೋಡುತ್ತಿದ್ದರೆ ಕುಡಿಯುವುದೇ ಇಲ್ಲ. ದೂರ ಹೋಗಿ, ಬಾಗಿಲ ಸಂದಿಯಿಂದ ನೋಡಿ. ದವಡೆ ಮೆಲ್ಲಗೆ ಅಗಿದ ಹಾಗೆ ಆಡಿದರೆ ಕುಡಿಯುತ್ತಿದೆ ಅಂತ ಅರ್ಥ.

ಸ್ಪ್ರೇ ಮಾಡದ ಹೊತ್ತಿಗೆ ಇನ್ನೊಂದು ಉಪಾಯ ಇದೆ. ಶಿವಲಿಂಗದ ಮೇಲೆ ಧಾರಾಪಾತ್ರೆ ಕಟ್ಟಿರುತ್ತಾರಲ್ಲ, ಹಾಗೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಿಂದ ಒಂದು ತೂತು ಮಾಡಿ, ನೀರು ತುಂಬಿ, ಗೂಡಿನ ಮೇಲಿಡಿ. ಒಂದೆರಡು ಸೆಕೆಂಡಿಗೆ ಒಂದು ಹನಿ ಎಲೆಯ ಮೇಲೆ ಬೀಳಬೇಕು. ಕೆಳಗೆ ಪಾತ್ರೆ ಇಡಿ, ಇಲ್ಲದಿದ್ದರೆ ಗೂಡೆಲ್ಲ ಕೆಸರು. ನನ್ನ ಮನೆಯ ಗೋಸುಂಬೆ ಮೊದಲ ಸಲ ನೀರು ಕುಡಿದದ್ದು ಈ ಲೋಟದಿಂದಲೇ. ಅವತ್ತು ನಾನು ಹೊರಗೆ ಓಡಿಬಂದು ಹೆಂಡತಿಯನ್ನು ಕೂಗಿ ಕರೆದಿದ್ದೆ.

ಕುಡಿದದ್ದು ಸಾಕಾಯಿತಾ ಅಂತ ತಿಳಿಯಲು ಹಿಕ್ಕೆ ನೋಡಿ. ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಇರುತ್ತದಲ್ಲ, ಗೋಸುಂಬೆಗೂ ಹಾಗೇ. ಅದು ಬಿಳಿಯಾಗಿದ್ದರೆ ನೀರು ಸಾಕಷ್ಟು ಹೋಗಿದೆ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ದೇಹ ಒಣಗಿದೆ. ನಿಮ್ಮಲ್ಲಿ ಈಗ ಚಳಿಗಾಲ, ಮನೆಯಲ್ಲಿ ಹೀಟರ್ ಓಡುತ್ತಿರುತ್ತದೆ. ನಮ್ಮ ತುಟಿ ಒಡೆಯುವ ಗಾಳಿಯಲ್ಲಿ ಅದೂ ಒಣಗುತ್ತದೆ. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ಒಂದು ಸಲ, ರಾತ್ರಿ ಆರಿಸಿದ ಮೇಲೆ ಒಂದು ಸಲ ಸಿಂಪಡಿಸಿ. ಈ ವಾರ ಮಧ್ಯಾಹ್ನವೂ ಒಂದು ಸಲ ಸೇರಿಸಿ. ಹಗಲು ಮಾತ್ರ ನಡುನಡುವೆ ಎಲೆಗಳು ಪೂರ್ತಿ ಒಣಗಬೇಕು.

ಈಗ ಆ ಕೆರೆಯುವ ವಿಷಯ.

ಗಿಡದ ಮೇಲಿರುವ ಪ್ರಾಣಿ ಸುಮ್ನೆ ನೆಲಕ್ಕೆ ಇಳಿಯುವುದಿಲ್ಲ. ತುಂಬಾ ಸುಸ್ತಾಗಿ ಕೈಕಾಲಲ್ಲಿ ಹಿಡಿತ ಇಲ್ಲದಿದ್ದರೆ ಇಳಿಯುತ್ತದೆ. ಆದರೆ ಇಳಿದು, ಓಡಾಡಿ, ಮೂಲೆ ಕೆರೆಯುತ್ತಿದೆ ಎಂದರೆ ಮೊಟ್ಟೆ ಇಡಲು ಜಾಗ ಹುಡುಕುತ್ತಿರಬಹುದು. ಗಂಡು ಅಂದರಲ್ಲ ಎನ್ನುತ್ತೀರಿ. ದಯವಿಟ್ಟು ಈಗಲೇ ಹಿಂಗಾಲಿನ ಹಿಮ್ಮಡಿ ನೋಡಿ. ವೇಲ್ಡ್ ಗಂಡಿಗೆ ಅಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಗುಬುಟು ಇರುತ್ತದೆ, ಹುಂಜದ ಕಾಲಿನ ಮುಳ್ಳಿನ ಹಾಗೆ. ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಅದು ಇರುತ್ತದೆ. ಹಿಮ್ಮಡಿ ನುಣ್ಣಗಿದ್ದರೆ ನಿಮ್ಮದು ಹೆಣ್ಣು.

ವೇಲ್ಡ್ ಹೆಣ್ಣು ಗಂಡಿನ ಮುಖ ನೋಡದೆಯೂ ಮೊಟ್ಟೆ ಹೊರುತ್ತದೆ, ಕೋಳಿಯ ಹಾಗೆ. ಐದಾರು ತಿಂಗಳಿಗೇ ಶುರುವಾಗಬಹುದು. ಇಡುವ ಮುಂಚೆ ಕೆಲವು ದಿನ ಊಟ ಬಿಡುವುದು ಸಹಜ. ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಒಂದೇ ಸಲಕ್ಕೆ 30, 40, ಕೆಲವೊಮ್ಮೆ ಅದಕ್ಕೂ ಜಾಸ್ತಿ ಮೊಟ್ಟೆ. ಪಕ್ಕೆ ಉಬ್ಬಿ, ಒಳಗೆ ಗೋಲಿ ತುಂಬಿದ ಚೀಲದ ಹಾಗೆ ಕಾಣಬಹುದು. ಆದರೆ ಮೊಟ್ಟೆ ಹೊತ್ತವಳು ನೀರು ಬಿಡುವುದಿಲ್ಲ. ಅದಕ್ಕೇ ನಿಮ್ಮ ಮನೆಯಲ್ಲಿ ಎರಡು ಕಾರಣ ಒಟ್ಟಿಗೆ ಸೇರಿವೆ ಎಂದು ನನಗೆ ಅನ್ನಿಸುತ್ತಿದೆ: ಊಟ ಬಿಟ್ಟಿದ್ದು ಮೊಟ್ಟೆಗಾಗಿ, ನೀರು ಬಿಟ್ಟಿದ್ದು ಬಟ್ಟಲಿಗಾಗಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನಿರುವುದು ಶಿಕಾಗೋ ಹತ್ತಿರ. ನನ್ನ ಮೊದಲ ಗೋಸುಂಬೆಯ ಹೆಸರು ಪಚ್ಚೆ. ಅವಳನ್ನೂ ಗಂಡು ಅಂತಲೇ ಕೊಟ್ಟಿದ್ದರು. ಒಂದು ವಾರ ನೆಲ ಕೆರೆದಳು. ಹೊರಗೆ ಹೋಗಲು ನೋಡುತ್ತಿದ್ದಾಳೆ ಅಂದುಕೊಂಡೆ. ಕೆಳಗೆ ಪೇಪರ್ ಟವೆಲ್ ಹಾಸಿದ್ದೆ, ಹಿಡಿ ಮಣ್ಣೂ ಇರಲಿಲ್ಲ. ಮಣ್ಣು ಸಿಗದಿದ್ದರೆ ಅವು ಮೊಟ್ಟೆಯನ್ನು ಒಳಗೇ ಹಿಡಿದುಕೊಳ್ಳುತ್ತವೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹಗಲಿಗೇ ಕಣ್ಣು ಮುಚ್ಚಿ ಕೂತಿದ್ದಳು. ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬ ಮೊಟ್ಟೆ ಕಂಡವು. ಆಪರೇಷನ್‌ಗೆ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಒಂದು ಬಕೆಟ್ ಮರಳು ಇಟ್ಟಿದ್ದರೆ ಬದುಕುತ್ತಿದ್ದಳು.

ನೀವು ಇವತ್ತೇ ಇಡಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಪ್ಲಾಸ್ಟಿಕ್ ಡಬ್ಬ ಸಾಕು. ಮಕ್ಕಳು ಆಡುವ ಮರಳಿನ ಮೂಟೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ತೊಳೆದು ಮುಕ್ಕಾಲು ಭಾಗ ತುಂಬಿ. ಹದ ಹೀಗಿರಬೇಕು: ಮುಷ್ಟಿ ಬಿಗಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಬೆರಳಿನಿಂದ ಒಂದು ಸುರಂಗ ತೋಡಿ ನೋಡಿ, ಕುಸಿಯದೆ ನಿಂತರೆ ಸರಿ. ಡಬ್ಬದೊಳಗೆ ಇಳಿಯಲು ಒಂದು ಕೊಂಬೆ ಆನಿಸಿ. ಆಮೇಲೆ ಗೂಡಿನ ಕೆಳಭಾಗಕ್ಕೆ ಬಟ್ಟೆ ಮುಚ್ಚಿಬಿಡಿ. ತೋಡುವಾಗ ಯಾರಾದರೂ ಕಂಡರೆ ಅರ್ಧಕ್ಕೇ ಬಿಟ್ಟು ಮೇಲೆ ಹತ್ತುತ್ತಾಳೆ. ರಾತ್ರಿ ಅವಳು ಗುಂಡಿಯೊಳಗೇ ಮಲಗಿದರೂ ಎತ್ತಬೇಡಿ. ಇಟ್ಟು ಮುಗಿಸಿದ ಮೇಲೆ ಮಣ್ಣು ಮೆತ್ತಿಕೊಂಡು, ಹೊಟ್ಟೆ ಬತ್ತಿ, ಬಾಣಂತಿಯ ಹಾಗೆ ಸೋತು ಕೂತಿರುತ್ತಾಳೆ. ಆಗ ತುಂಬಾ ಹೊತ್ತು ಮಳೆ ಸುರಿಸಿ, ಒಳ್ಳೆಯ ಊಟ ಹಾಕಿ. ಗಂಡಿನ ಜೊತೆ ಇದ್ದವಳಲ್ಲದಿದ್ದರೆ ಆ ಮೊಟ್ಟೆಗಳು ಮರಿಯಾಗುವುದಿಲ್ಲ.

ಹಿಮ್ಮಡಿಯಲ್ಲಿ ಮುಳ್ಳು ಕಂಡರೆ ಮರಳು ಬೇಡ. ಆಗ ಕೆರೆಯುವುದು ಗಾಬರಿಯಿಂದ. ಗಾಜಿನ ಪೆಟ್ಟಿಗೆ, ಟಿವಿ ಪಕ್ಕ ಎಂದು ಬರೆದಿದ್ದೀರಿ. ಗಾಜಿನಲ್ಲಿ ತನ್ನದೇ ನೆರಳು ಕಂಡರೆ ಅದಕ್ಕೆ ಇನ್ನೊಂದು ಗೋಸುಂಬೆ ಮೈಮೇಲೆ ಬಂದ ಹಾಗೆ. ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ಪೆಟ್ಟಿಗೆಯನ್ನು ಓಡಾಟ ಕಡಿಮೆ ಇರುವ ಕೋಣೆಗೆ, ನಿಮ್ಮ ಕಣ್ಣಿಗಿಂತ ಎತ್ತರದಲ್ಲಿ ಇಡಿ. ಮೇಲಿನಿಂದ ನೋಡುವ ಯಾರೇ ಆದರೂ ಅದಕ್ಕೆ ಹದ್ದೇ. ದಿನಾ ಸಂಜೆ ಮಗಳ ಕೈಗೆ ಕೊಡುವುದನ್ನು ಈಗ ನಿಲ್ಲಿಸಲೇಬೇಕು. ಅವಳಿಗೆ ಬೇಜಾರಾಗುತ್ತದೆ, ಗೊತ್ತು. ಮಳೆ ಬರಿಸುವ ಕೆಲಸ ಅವಳಿಗೇ ಕೊಡಿ. ನನ್ನ ಮಗ ಆರನೇ ವಯಸ್ಸಿನಿಂದ ಅದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮುಂದೆ ನಿಧಾನವಾಗಿ ನಾಲ್ಕಡಿ ಎತ್ತರದ ಜಾಲರಿ ಗೂಡು ಮಾಡಿ, ಒಳಗೆ ದಾಸವಾಳದ ಗಿಡ ಇಡಿ. ಅದರ ಎಲೆಯನ್ನೂ ಅದು ಕಚ್ಚಿ ತಿನ್ನುತ್ತದೆ, ತೊಂದರೆ ಇಲ್ಲ. ನರ್ಸರಿಯಿಂದ ತಂದ ಗಿಡದ ಔಷಧಿ ಮಾತ್ರ ಚೆನ್ನಾಗಿ ತೊಳೆದು ಹೋಗಿರಬೇಕು.

ಬಿಸಿಯ ವಿಷಯದಲ್ಲಿ ಅಂದಾಜು ಬೇಡ. ತಣ್ಣಗಿರುವ ಗೋಸುಂಬೆಗೆ ಹಸಿವಾಗುವುದಿಲ್ಲ. ತಿಂದರೂ ಹೊಟ್ಟೆಯಲ್ಲಿ ಕರಗುವುದಿಲ್ಲ. ಬಲ್ಬಿನ ಕೆಳಗಿನ ಕೊಂಬೆಯ ಹತ್ತಿರ ಥರ್ಮಾಮೀಟರ್ ಇಡಿ. ಅಲ್ಲಿ 80ರಿಂದ 85 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ ಸುಮಾರು 27ರಿಂದ 29 ಸೆಲ್ಸಿಯಸ್. ಉಳಿದ ಕಡೆ 72ರಿಂದ 78 ಸಾಕು. ರಾತ್ರಿ ಎಲ್ಲ ಲೈಟೂ ಆರಿಸಿ. ಬಿಸಿ ಬಲ್ಬ್ ಒಂದೇ ಇದೆ ಎಂದಿದ್ದೀರಿ. ಅದರ ಜೊತೆಗೆ ಯುವಿಬಿ, ಅಂದರೆ ಬಿಸಿಲಲ್ಲಿರುವ ನೇರಳಾತೀತ ಕಿರಣ ಕೊಡುವ ಟ್ಯೂಬ್ ಲೈಟ್ ಬೇಕೇ ಬೇಕು, ದಿನಕ್ಕೆ 12 ಗಂಟೆ. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ. ಕ್ಯಾಲ್ಸಿಯಂ ಎಷ್ಟು ಹಾಕಿದರೂ ಮೂಳೆಗೆ ಹಿಡಿಯುವುದಿಲ್ಲ. ಮೂಳೆ ಮೆತ್ತಗಾದರೆ ದವಡೆ ಸೊಟ್ಟಗಾಗುತ್ತದೆ, ನಾಲಿಗೆ ಚಿಮ್ಮುವ ಬಲ ಹೋಗುತ್ತದೆ. ಹುಳವನ್ನು ದಿಟ್ಟಿಸಿ, ಬಾಯಿ ಅರ್ಧ ತೆರೆದು, ನಾಲಿಗೆ ಬಿಡಲಾರದೆ ಸುಮ್ಮನಾಗುವ ಗೋಸುಂಬೆಯನ್ನು ನಾನು ನೋಡಿದ್ದೇನೆ. ನಿಮ್ಮದು ಹಾಗೆ ಮಾಡುತ್ತಿದೆಯಾ ಅಂತ ಗಮನಿಸಿ. ಅದು ಹಸಿವಿಲ್ಲದ್ದಲ್ಲ, ತಿನ್ನಲಾಗದ್ದು. ಕಿಟಕಿ ಬಿಸಿಲು ಈ ಟ್ಯೂಬಿಗೆ ಬದಲಿ ಆಗುವುದಿಲ್ಲ. ಗಾಜು ಯುವಿಬಿಯನ್ನು ತಡೆಯುತ್ತದೆ.

ನೀರು ಒಳಗೆ ಹೋದ ಮೇಲೆ ಊಟದ ಪ್ರಯತ್ನ ಮಾಡಿ. ಅದೇ ಕ್ರಿಕೆಟ್ ಹುಳ ನೋಡಿ ನೋಡಿ ಬೇಸರವಾಗಿರಬಹುದು. ರೇಷ್ಮೆ ಹುಳ ತರಿಸಿ. ನಾನು ರಾಮನಗರದ ಕಡೆಯವನು. ಅಜ್ಜಿ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿ, ತಟ್ಟೆ ತಟ್ಟೆ ಹುಳ ಸಾಕಿದ್ದು ನೋಡಿಕೊಂಡೇ ಬೆಳೆದೆ. ಆ ಹುಳ ಇಲ್ಲಿ ಆನ್‌ಲೈನಿನಲ್ಲಿ ಸಿಗುತ್ತದೆ ಎಂದು ತಿಳಿದಾಗ ನಂಬಲಾಗಲಿಲ್ಲ. ಮೆತ್ತಗೆ, ರಸ ತುಂಬಿಕೊಂಡು ಇರುತ್ತದೆ, ಬೇಗ ಜೀರ್ಣವಾಗುತ್ತದೆ, ಒಣಗಿದ ಹೊಟ್ಟೆಗೆ ನೀರೂ ಸೇರುತ್ತದೆ. ಹಾರ್ನ್‌ವರ್ಮ್ ಎಂಬ ಹಸಿರು ಹುಳದಲ್ಲೂ ನೀರಿನ ಅಂಶ ಜಾಸ್ತಿ. ಹುಳದ ಅಗಲ ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು. ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಉದುರಿಸಿ. ರಾತ್ರಿ ಕ್ರಿಕೆಟ್ ಹುಳಗಳನ್ನು ಒಳಗೆ ಬಿಡಬೇಡಿ, ಮಲಗಿದ ಗೋಸುಂಬೆಯನ್ನೇ ಅವು ಕಚ್ಚುತ್ತವೆ.

ಆರೋಗ್ಯವಾಗಿರುವ ದೊಡ್ಡ ಗೋಸುಂಬೆ ಒಂದು ವಾರ ಉಪವಾಸ ತಡೆದೀತು. ಐದು ತಿಂಗಳದ್ದು, ಅದೂ ಕಣ್ಣು ಒಳಗೆ ಹೋದದ್ದು, ಹೆಚ್ಚು ದಿನ ತಡೆಯುವುದಿಲ್ಲ. ಹಾಗಾಗಿ ಮಳೆ, ಮರಳು ಎಲ್ಲ ಮಾಡುತ್ತಲೇ ನಾಳೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಇದು ಬರುವುದಿಲ್ಲ. ಸರೀಸೃಪ ವೈದ್ಯರ ಸಂಘ ಎಆರ್‌ಎವಿಯ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಹೊಟ್ಟೆ ಹುಳ ಇದ್ದರೆ ಗೊತ್ತಾಗುತ್ತದೆ. ಎಕ್ಸ್‌ರೇ ಕೇಳಿ. ಹಗಲಿಗೆ ಕಣ್ಣು ಮುಚ್ಚಿಕೊಂಡರೆ, ಕೊಂಬೆಯಿಂದ ಬಿದ್ದರೆ, ಬಿಸಿ ಇಲ್ಲದಿದ್ದರೂ ಬಾಯಿ ತೆರೆದು ಉಸಿರಾಡಿದರೆ, ನಾಳೆಗೂ ಕಾಯಬೇಡಿ.

ಕರ್ನಾಟಕದಲ್ಲಿ ಇದನ್ನು ಓದುವವರಿಗೆ ಒಂದು ಮಾತು. ನಮ್ಮ ಹೊಲ ಬೇಲಿಯಲ್ಲಿ ಕಾಣುವ ಗೋಸುಂಬೆ ಬೇರೆ ಜಾತಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿದು ಸಾಕುವಂತಿಲ್ಲ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಹಿಮ್ಮಡಿಯ ಫೋಟೋ, ಹಿಕ್ಕೆಯ ಫೋಟೋ ಎರಡನ್ನೂ ಹಾಕಿ. ನಾನು ಇವತ್ತು ರಾತ್ರಿ ಎಚ್ಚರವಾಗಿಯೇ ಇರುತ್ತೇನೆ, ನೋಡಿ ಹೇಳುತ್ತೇನೆ. ಮರಳು ತರಲು ಈಗಲೇ ಹೊರಡಿ.