ವೈ ಅಕ್ಷ ಬದಲಿಸಿದರೆ ಸರಾಸರಿ ಯಾಕೆ ಬದಲಾಗುತ್ತದೆ?

ಗ್ರಾಫ್ ಸ್ಕೇಲ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಐದಾರು ಮಾತ್ರ ಮತ್ತೆ ಮತ್ತೆ ಬರುತ್ತಿವೆ. ಯಾವ ಮೆನು ಎಲ್ಲಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ಹೆಲ್ಪ್‌ನಲ್ಲೇ ಸಿಗುತ್ತದೆ. ಮೊದಲ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ತಪ್ಪು ಯಾರ ಕಣ್ಣಿಗೂ ಬೀಳದೆ ನೇರವಾಗಿ ವರದಿಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಜಿಜಿಪ್ಲಾಟ್2ನಲ್ಲಿ (ಆರ್ ಭಾಷೆಯ ಗ್ರಾಫ್ ಪ್ಯಾಕೇಜ್) ಬಾಕ್ಸ್ ಪ್ಲಾಟ್ (ಡೇಟಾದ ನಡುವಿನ ಅರ್ಧ ಭಾಗವನ್ನು ಡಬ್ಬಿಯಾಗಿ ತೋರಿಸುವ ಗ್ರಾಫ್) ಹಾಕಿ, ಸರಾಸರಿಗೆ ಒಂದು ಚುಕ್ಕೆ ಇಟ್ಟಿದ್ದೆ. ಒಂದು ದೊಡ್ಡ ಸಂಖ್ಯೆಯಿಂದಾಗಿ ಬಾಕ್ಸ್ ಕೆಳಗೆ ಅಪ್ಪಚ್ಚಿಯಾಗಿ ಕಾಣುತ್ತಿತ್ತು. ವೈ ಅಕ್ಷದ ಮಿತಿಯನ್ನು 0–20 ಮಾಡಿದೆ. ಈಗ ಬಾಕ್ಸ್ ಚೆನ್ನಾಗಿ ಕಾಣುತ್ತದೆ, ಆದರೆ ಸರಾಸರಿಯ ಚುಕ್ಕೆ ಬೇರೆ ಕಡೆ ಹೋಗಿದೆ. ಇದು ಬಗ್ ಅಲ್ವಾ?

ಬಗ್ ಅಲ್ಲ. ನೀವು ಡೇಟಾವನ್ನೇ ಕತ್ತರಿಸಿದ್ದೀರಿ.

ಐದು ಸಂಖ್ಯೆ ತೆಗೆದುಕೊಳ್ಳಿ: 12, 14, 13, 15, 96. ಸರಾಸರಿ 30. ಸ್ಕೇಲ್‌ನ ಲಿಮಿಟ್ಸ್‌ನಲ್ಲಿ 0 ಮತ್ತು 20 ಅಂತ ಕೊಟ್ಟರೆ ಜಿಜಿಪ್ಲಾಟ್2 ಮೊದಲು 96ನ್ನು ಎನ್ಎ ಮಾಡುತ್ತದೆ, ಅಂದರೆ ಅದು ಇಲ್ಲವೇ ಇಲ್ಲ. ಲೆಕ್ಕ ಶುರುವಾಗುವುದು ಅದಾದ ಮೇಲೆ. ಉಳಿದ ನಾಲ್ಕರ ಸರಾಸರಿ 13.5. ನಿಮ್ಮ ಚುಕ್ಕೆ ಕೂತಿರುವುದು ಅಲ್ಲಿ. ಮಧ್ಯಾಂಕವೂ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) 14ರಿಂದ 13.5ಕ್ಕೆ ಇಳಿದಿದೆ, ಬಾಕ್ಸ್‌ನ ಗೆರೆ ನೋಡಿ. ಒಂದು ಸಾಲು ತೆಗೆದಿದ್ದೇನೆ ಅಂತ ಕನ್ಸೋಲ್‌ನಲ್ಲಿ ಎಚ್ಚರಿಕೆ ಬಂದೇ ಇರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ದಯವಿಟ್ಟು ಅದನ್ನು ಆಫ್ ಮಾಡಬೇಡಿ.

ನಿಮಗೆ ಬೇಕಾಗಿದ್ದುದು ಬರೀ ಝೂಮ್. ಅದಕ್ಕೆ ಕೋಆರ್ಡ್ ಕಾರ್ಟೀಷಿಯನ್ ಅನ್ನುವ ಆಜ್ಞೆ ಇದೆ, 0–20 ಮಿತಿಯನ್ನು ಅದರೊಳಗೆ ಕೊಡಿ. ಆಗ ಐದೂ ಸಂಖ್ಯೆಗಳ ಲೆಕ್ಕ ಮೊದಲು ಮುಗಿಯುತ್ತದೆ, ಆಮೇಲೆ ನೋಟ ಮಾತ್ರ ಹತ್ತಿರವಾಗುತ್ತದೆ. ಸರಾಸರಿ 30 ಆದ್ದರಿಂದ ಚುಕ್ಕೆ ಚಿತ್ರದ ಹೊರಗೇ ಇರುತ್ತದೆ. ಅದೇ ಸರಿ.

ವೈಲಿಮ್ ಅನ್ನುವ ಶಾರ್ಟ್‌ಕಟ್ ಕೂಡ ಲಿಮಿಟ್ಸ್ ಥರಾನೇ ಕತ್ತರಿಸುತ್ತದೆ. "10ರಿಂದ 20 ಅಂತ ಕೊಟ್ಟೆ, ಬಾರ್‌ಗಳೆಲ್ಲ ಮಾಯ" ಅಂತ ಬರೆಯುವವರ ತೊಂದರೆಯೂ ಇದೇ. ಬಾರ್‌ನ ಬುಡ ಸೊನ್ನೆಯಲ್ಲಿದೆ. ಸೊನ್ನೆ ಮಿತಿಯ ಹೊರಗೆ ಹೋದರೆ ಇಡೀ ಬಾರ್ ಹೋಗುತ್ತದೆ.

ಲಾಗ್ ಸ್ಕೇಲ್ (ಪ್ರತಿ ಮೆಟ್ಟಿಲಿಗೂ ಬೆಲೆ ಹತ್ತು ಪಟ್ಟಾಗುವ ಅಕ್ಷ) ಹಾಕಿದರೆ ಪಾರಾದೆವು ಅಂದುಕೊಳ್ಳಬೇಡಿ. ಸ್ಕೇಲ್ ವೈ ಲಾಗ್10 ಅನ್ನುವ ಆಜ್ಞೆ ಮೊದಲು ಲಾಗ್ ಲೆಕ್ಕ ಹಾಕಿ ಆಮೇಲೆ ಸರಾಸರಿ ಮಾಡುತ್ತದೆ. ನಿಮಗೆ ಸಿಗುವುದು ಗುಣೋತ್ತರ ಸರಾಸರಿ (ಐದನ್ನೂ ಗುಣಿಸಿ ಐದನೇ ಮೂಲ ಕಂಡುಹಿಡಿದದ್ದು), ಇಲ್ಲಿ ಸುಮಾರು 20. ಅಲ್ಲಿಗೆ ಅವೇ ಐದು ಸಂಖ್ಯೆಗಳಿಂದ 30, 13.5, 20 ಅಂತ ಮೂರು ಉತ್ತರ ಬಂದವು. ಮೂರರ ಪಕ್ಕದಲ್ಲೂ "ಸರಾಸರಿ" ಅಂತಲೇ ಬರೆದಿರುತ್ತದೆ.

ಎಲ್ಲ ಸಾಫ್ಟ್‌ವೇರ್ ಹೀಗೆ ಮಾಡುವುದಿಲ್ಲ. ಪೈಥಾನ್‌ನ ಗ್ರಾಫ್ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸೆಟ್ ವೈಲಿಮ್ ಬರೀ ನೋಟ ಬದಲಿಸುತ್ತದೆ. ಎಕ್ಸೆಲ್‌ನಲ್ಲಿ ಅಕ್ಷದ ಗರಿಷ್ಠ ಮಿತಿ ಇಳಿಸಿದರೂ ಟ್ರೆಂಡ್‌ಲೈನ್ (ಬಿಂದುಗಳ ಒಟ್ಟು ಒಲವು ತೋರಿಸುವ ಗೆರೆ) ಲೆಕ್ಕಕ್ಕೆ ಎಲ್ಲ ಬಿಂದುಗಳೂ ಇರುತ್ತವೆ. ಆದ್ದರಿಂದ ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಕಣ್ಣುಮುಚ್ಚಿ ಮಾಡಬೇಡಿ. ಸರಾಸರಿಯನ್ನು ಗ್ರಾಫಿನ ಹೊರಗೆ ಬೇರೆಯಾಗಿ ಲೆಕ್ಕ ಹಾಕಿ, ಚಿತ್ರದ ಜೊತೆ ಹೋಲಿಸಿ. ನಾನು ಹೀಗೆ ತಾಳೆ ನೋಡದೆ ಯಾವ ಗ್ರಾಫನ್ನೂ ಕಳಿಸುವುದಿಲ್ಲ.

"ಔಟ್‌ಲೈಯರ್ (ಉಳಿದವುಗಳಿಂದ ತುಂಬಾ ದೂರದ ಸಂಖ್ಯೆ) ಬಂದರೆ ಲಿಮಿಟ್ ಇಳಿಸಿ, ಗ್ರಾಫ್ ಕ್ಲೀನ್ ಆಗುತ್ತೆ" ಅಂತ ವಿಡಿಯೋಗಳಲ್ಲಿ ಕಲಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. 96 ಎಲ್ಲಿಂದ ಬಂತು ಅಂತ ಮೊದಲು ಹುಡುಕಬೇಕು. 9.6 ಬರೆಯುವಾಗ ಚುಕ್ಕೆ ಬಿಟ್ಟುಹೋಯಿತಾ? ಬೇರೆ ಯೂನಿಟ್‌ನಲ್ಲಿ ಅಳೆದದ್ದಾ? ಅಥವಾ ಅದೇ ನಿಜವಾದ ಸುದ್ದಿಯಾ? ಕಾರಣ ಗೊತ್ತಾದರೆ ತೆಗೆಯಿರಿ, ತೆಗೆದಿದ್ದನ್ನು ಬರೆಯಿರಿ. ಗೊತ್ತಾಗದಿದ್ದರೆ ಇರಲಿ ಬಿಡಿ. ಝೂಮ್ ಮಾಡಿದ್ದರೆ ಚಿತ್ರದ ಕೆಳಗೆ "96 ಮತ್ತು ಸರಾಸರಿ 30 ಈ ನೋಟದ ಹೊರಗಿವೆ" ಅಂತ ಒಂದು ಸಾಲು ಹಾಕಿ.

ಪ್ರಶ್ನೆ: ವೈ ಅಕ್ಷ ಯಾವಾಗಲೂ ಸೊನ್ನೆಯಿಂದಲೇ ಶುರುವಾಗಬೇಕಾ?

ಬಾರ್‌ಗೆ ಹೌದು, ಅಲ್ಲಿ ಓದುವುದೇ ಉದ್ದವನ್ನು. ಗೆರೆ ಗ್ರಾಫಿಗೆ ಬೇಕಿಲ್ಲ. ಜ್ವರದ ಚಾರ್ಟನ್ನು 0 ಡಿಗ್ರಿಯಿಂದ ಶುರುಮಾಡಿದರೆ 37ಕ್ಕೂ 39ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಸಂಖ್ಯೆಗಳು ಒಂದಕ್ಕೊಂದು ಹತ್ತಿರವಿದ್ದರೆ ಎಕ್ಸೆಲ್ ತಾನಾಗಿಯೇ ಕಾಲಮ್ ಚಾರ್ಟನ್ನೂ ಸೊನ್ನೆಯ ಮೇಲಿಂದ ಶುರುಮಾಡಬಹುದು. ಕನಿಷ್ಠ ಮಿತಿಯನ್ನು ನೀವೇ 0 ಅಂತ ಬರೆಯಿರಿ.

ಪ್ರಶ್ನೆ: ಲಾಗ್ ಸ್ಕೇಲ್‌ನಲ್ಲಿ ಸೊನ್ನೆಗಳು ಕಾಣುತ್ತಿಲ್ಲ. ಎಲ್ಲಕ್ಕೂ 0.001 ಸೇರಿಸಿ ಅಂತ ಸಲಹೆ ಕೊಟ್ಟರು. ಸೇರಿಸಲಾ?

ಬೇಡ. ಸೊನ್ನೆಗೆ ಲಾಗ್ ಇಲ್ಲ. 0.001 ಸೇರಿಸಿದರೆ ಆ ಬಿಂದು 1ಕ್ಕಿಂತ ಮೂರು ಮೆಟ್ಟಿಲು ಕೆಳಗೆ ಕೂರುತ್ತದೆ, 0.000001 ಸೇರಿಸಿದರೆ ಆರು. ಚಿತ್ರ ಹೇಗೆ ಕಾಣಬೇಕು ಅಂತ ಡೇಟಾ ಬದಲು ನೀವು ಆರಿಸಿದ ಸಂಖ್ಯೆ ನಿರ್ಧರಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಸಿಮ್‌ಲಾಗ್ ಬಳಸಿ, ಅದು ಸೊನ್ನೆಯ ಹತ್ತಿರ ಮಾಮೂಲಿ ಸ್ಕೇಲ್ ಇಡುತ್ತದೆ. ಇಲ್ಲವೇ ಸೊನ್ನೆಗಳನ್ನು ಕೆಳಗೆ ಬೇರೆ ಪಟ್ಟಿಯಲ್ಲಿ ತೋರಿಸಿ.

ಪ್ರಶ್ನೆ: ಎಕ್ಸೆಲ್ ಲೈನ್ ಚಾರ್ಟ್‌ನಲ್ಲಿ 1, 2, 10 ಮೂರೂ ಸಮ ಅಂತರದಲ್ಲಿ ಯಾಕಿವೆ?

ಅದು ಅವನ್ನು ಬರೀ ಹೆಸರುಗಳು ಅಂದುಕೊಂಡಿದೆ. ಸ್ಕ್ಯಾಟರ್ ಚಾರ್ಟ್ ಹಾಕಿ.

ಪ್ರಶ್ನೆ: ಎಡಕ್ಕೊಂದು, ಬಲಕ್ಕೊಂದು ವೈ ಅಕ್ಷ ಇಡಬಹುದಾ?

ಇಡಬೇಡಿ. ಎರಡು ಗೆರೆ ಎಲ್ಲಿ ದಾಟುತ್ತವೆ ಅನ್ನುವುದು ನೀವು ಕೊಟ್ಟ ಮಿತಿಗಳ ಆಟ. ಮೇಲೊಂದು ಕೆಳಗೊಂದು ಎರಡು ಗ್ರಾಫ್ ಮಾಡಿ.

ಪ್ರಶ್ನೆ: 300 ಡಿಪಿಐ (ಇಂಚಿಗೆ 300 ಚುಕ್ಕೆ) ಕೇಳಿದ್ದಾರೆ. ಫೋಟೋ ಎಡಿಟರ್‌ನಲ್ಲಿ 72 ಇದ್ದದ್ದನ್ನು 300 ಮಾಡಿದರೆ ಸಾಕಲ್ವಾ?

ಸಾಲದು. 6 ಇಂಚಿನ ಚಿತ್ರಕ್ಕೆ 300 ಡಿಪಿಐ ಅಂದರೆ ಅಗಲದಲ್ಲಿ 1800 ಪಿಕ್ಸೆಲ್ ನಿಜವಾಗಿ ಇರಬೇಕು. ಆಮೇಲೆ ಸಂಖ್ಯೆ ತಿದ್ದಿದರೆ ವಿವರ ಹುಟ್ಟುವುದಿಲ್ಲ. ಪ್ಲಾಟಿಂಗ್ ಸಾಫ್ಟ್‌ವೇರ್‌ನಿಂದಲೇ ಅಳತೆ, ಡಿಪಿಐ ಎರಡೂ ಕೊಟ್ಟು ಮತ್ತೆ ಸೇವ್ ಮಾಡಿ. ಪಿಡಿಎಫ್ ಅಥವಾ ಎಸ್‌ವಿಜಿ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ತೆಗೆದುಕೊಂಡರೆ ಡಿಪಿಐ ತಲೆನೋವೇ ಇಲ್ಲ, ಅವು ಚಿತ್ರವನ್ನು ಪಿಕ್ಸೆಲ್ ಬದಲು ಗೆರೆಗಳಾಗಿ ಇಡಬಲ್ಲವು.