46ಕ್ಕೆ ಡೇಟ್ ಏರುಪೇರು, ರಾತ್ರಿ ಬೆವರು: ಹಾರ್ಮೋನ್ ಟೆಸ್ಟ್ ಮಾಡಿಸಬೇಕಾ?

ನಿಮಗೆ 46. ಡೇಟ್ ಒಮ್ಮೆ ಮೂರು ವಾರಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ, ರಾತ್ರಿ ಬೆವರಿ ಎಚ್ಚರವಾಗುತ್ತದೆ, ಹಾರ್ಮೋನ್ ಟೆಸ್ಟ್ ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಬೇಡ. 45 ದಾಟಿದವರಿಗೆ ಲಕ್ಷಣ ಕೇಳಿಯೇ ಡಾಕ್ಟರು ಪೆರಿಮೆನೋಪಾಸ್, ಅಂದರೆ ಮುಟ್ಟು ಪೂರ್ತಿ ನಿಲ್ಲುವ (ಮೆನೋಪಾಸ್) ಮುಂಚಿನ ಹಂತ, ಅಂತ ಹೇಳುತ್ತಾರೆ. ಈ ಹಂತದಲ್ಲಿ ಹಾರ್ಮೋನು ದಿನಕ್ಕೊಂದು ಥರ ಇರುತ್ತದೆ, ಇವತ್ತಿನ ರಿಪೋರ್ಟು ಮುಂದಿನ ವಾರಕ್ಕೆ ಹೊಂದುವುದಿಲ್ಲ. ಅದರ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಡೇಟ್ ಆದ ದಿನ, ಎಷ್ಟು ಪ್ಯಾಡ್ ಬೇಕಾಯಿತು, ನಿದ್ದೆ ಕೆಟ್ಟ ರಾತ್ರಿ ಯಾವುದು ಅಂತ ಗುರುತು ಹಾಕಿ. ಡಾಕ್ಟರಿಗೆ ಅದೇ ಹೆಚ್ಚು ಉಪಯೋಗ.

ರಕ್ತ ಕೊಡುವುದೇ ಆದರೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಜಾಸ್ತಿಯಾದರೂ ಹೀಗೇ ಬೆವರು, ಎದೆ ಡವಡವ, ಸಿಟ್ಟು. ಒಂದು ಪ್ರೆಗ್ನೆನ್ಸಿ ಕಿಟ್ ಕೂಡ ತನ್ನಿ, ನಗಬೇಡಿ. ಕೊನೆಯ ಮುಟ್ಟಾಗಿ ಪೂರ್ತಿ ಒಂದು ವರ್ಷ ಕಳೆಯುವವರೆಗೆ ನಿಂತಿತು ಅನ್ನುವ ಹಾಗಿಲ್ಲ, ಅಲ್ಲಿಯವರೆಗೆ ಬಸಿರಾಗಬಹುದು.

ನನ್ನನ್ನು ಸತಾಯಿಸಿದ್ದು ಹಗಲಿನ ಬಿಸಿ. ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದರೆ ಎದೆಯಿಂದ ಕುತ್ತಿಗೆ, ಕಿವಿ, ಮುಖಕ್ಕೆ ಝಳ ಏರುತ್ತಿತ್ತು. ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿದು, ಆಮೇಲೆ ಚಳಿ! ಅತ್ತೆ "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಅನ್ನೋರು. ಮಜ್ಜಿಗೆ ಒಳ್ಳೆಯದೇ, ಆದರೆ ಇದು ಊಟದಿಂದ ಬಂದ ಉಷ್ಣ ಅಲ್ಲ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಏರಿಳಿದಾಗ, ಮಿದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ಭಾಗ ಚೂರು ಬಿಸಿಗೂ ಗಾಬರಿಬಿದ್ದು ಬೆವರಿಳಿಸುತ್ತದೆ. ಸಂಜೆ ಕಾಫಿ ಬಿಟ್ಟೆ, ರಾತ್ರಿ ಖಾರ ಕಡಿಮೆ ಮಾಡಿದೆ, ಮಲಗುವಾಗ ತೆಳು ಹತ್ತಿ ಬಟ್ಟೆ. ನನಗೆ ಸುಮಾರಾಗಿ ಹಿಡಿತಕ್ಕೆ ಬಂತು. ಮೂಳೆಗೆ ರಾಗಿ, ನಡಿಗೆ ಎಲ್ಲರೂ ಹೇಳುತ್ತಾರೆ, ಸರಿಯೇ.

ಇಷ್ಟಕ್ಕೆ ಬಗ್ಗದಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಸುದ್ದಿ ಬಂದಾಗಿನಿಂದ ಅದೆಂದರೆ ಕ್ಯಾನ್ಸರ್ ಅನ್ನೋ ಭಯ. ಆಮೇಲೆ ಮತ್ತೆ ಪರಿಶೀಲಿಸಿದಾಗ, 60ರೊಳಗಿನ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಜಾಸ್ತಿ ಅಂತ ಕಂಡಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮಗೆ ಆಗುತ್ತದಾ ಅಂತ ಕೇಳಿ. ಗಂಡನ ಜೊತೆ ಸೇರುವಾಗ ಉರಿ, ನೋವು ಇದ್ದರೆ ಅದನ್ನೂ ನಾಚದೆ ಹೇಳಿ, ಅದಕ್ಕೆ ಬೇರೆ ಕ್ರೀಮೇ ಇದೆ.

ಅತಿಯಾದ ಸ್ರಾವವನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ. ಗಂಟೆಗೊಂದು ಪ್ಯಾಡ್ ತೋಯ್ದರೆ, ಹೆಪ್ಪುಹೆಪ್ಪಾಗಿ ಹೋದರೆ, ಮುಟ್ಟಿನ ನಡುವೆ ಅಥವಾ ಸೇರಿದ ಮೇಲೆ ರಕ್ತ ಕಂಡರೆ ಬೇಗ ತೋರಿಸಿ. ನಮ್ಮ ಕಡೆ ಇದಕ್ಕೆ "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅನ್ನುವ ಸಲಹೆ ಬಲು ಸಲೀಸು. ಸ್ಕ್ಯಾನ್, ಪರೀಕ್ಷೆಗಳಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೆ ಮಾತ್ರೆಯಲ್ಲಿ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಲ್ಲಿ ಹತೋಟಿಗೆ ಬರುತ್ತದಾ ಅಂತ ಮೊದಲು ಕೇಳಿ, ಇನ್ನೊಬ್ಬ ಡಾಕ್ಟರ ಹತ್ತಿರವೂ ಕೇಳಿ. ಆಪರೇಷನ್ ಬೇಕೇ ಬೇಕು ಅಂದರೆ, ಅಂಡಾಶಯ ಉಳಿಸುತ್ತೀರಾ ಅನ್ನುವುದು ಮುಂದಿನ ಪ್ರಶ್ನೆ. ಎರಡೂ ಅಂಡಾಶಯ ತೆಗೆದರೆ ನಿಧಾನಕ್ಕೆ ಬರಬೇಕಾದ ಮೆನೋಪಾಸ್ ಒಂದೇ ಏಟಿಗೆ ಬಂದು ಕೂರುತ್ತದೆ.